ಸೊಂಟದ ಬಲಗಡೆ

ಮಡ್ಡಿ ಫೋರ್ಕ್, ಟೆನೆಸಿ
ಮಾರ್ಚ್ 14, ಗುರುವಾರ

ನನ್ನ ಹಠಮಾರಿ ಗಾರ್ಲಂಡ್,

ಹೇಗಿದ್ದೀಯ? ಬೆನ್ನು ಹೇಗಿದೆ? ಗಟ್ಟಿ ಹಾಸಿಗೆ ಕೇಳು ಎಂದು ಹೇಳಿದ್ದೆ, ಕೇಳಿದೆಯೋ ಇಲ್ಲ ಸಂಕೋಚ ಮಾಡಿಕೊಂಡು ಸುಮ್ಮನಿದ್ದೀಯೋ? ನಿದ್ದೆ ಬರುತ್ತಿದೆಯೆ? ಭಾನುವಾರ ಫೋನಿನಲ್ಲಿ ಕೊಟ್ಟ ಹತ್ತು ನಿಮಿಷದಲ್ಲಿ ನಾಲ್ಕು ಸಲ “ಚೆನ್ನಾಗಿದ್ದೀನಿ” ಅಂದೆ. ನಿಜವಾಗಿ ಚೆನ್ನಾಗಿರುವವರು ಒಂದೇ ಸಲ ಹೇಳುತ್ತಾರೆ ಮಾರಾಯ. ಆ ಗಡ್ಡದ ಡಾಕ್ಟರಿಗಾದರೂ ನಿಜ ಹೇಳು. ಅಲ್ಲಿ ಪತ್ರಕ್ಕೆ ಮಿತಿಯಿಲ್ಲವಂತೆ, ಹಾಗಾಗಿ ಈ ಸಲ ನಾನು ಮಾತಾಡುವುದನ್ನು ನೀನು ಪೂರ್ತಿ ಕೇಳಲೇಬೇಕು, ನಡುವೆ ಎದ್ದು ಕೊಟ್ಟಿಗೆಗೆ ಹೋಗುವ ಹಾಗಿಲ್ಲ. ನಾನು ಆರಾಮ. ಬೆರಳಿನ ಗಂಟುನೋವು ಇದ್ದದ್ದೇ. ಬಾವಿಯ ಪಕ್ಕದ ಪೀಚ್ ಮರ ಅವಸರ ಮಾಡಿ ಹೂ ಬಿಟ್ಟಿದೆ, ಇನ್ನೊಂದು ಹಿಮ ಬಿದ್ದರೆ ಎಲ್ಲ ಹೋಯಿತು. ಬಿಸ್ಕೆಟ್ ನಿನ್ನ ಕುರ್ಚಿಯಲ್ಲೇ ಮಲಗುತ್ತದೆ. ಮೊದಲ ವಾರ ಓಡಿಸಿದೆ. ಈಗ ಬಿಟ್ಟಿದ್ದೇನೆ, ನಾಯಿಯಾದರೂ ಆ ಕುರ್ಚಿ ತುಂಬಲಿ.

ಇನ್ನು ನನ್ನ ದೂರು. ನಿನ್ನನ್ನು ಆ ಆಸ್ಪತ್ರೆಯಲ್ಲಿ ಬಿಟ್ಟು ಬಂದ ದಿನ ಬಾಗಿಲ ಒಳಗೆ ಒಂದು ಕಾಲಿಟ್ಟು ನೀನು ಹೇಳಿದ್ದೇನು, ನೆನಪಿದೆಯೆ? “ಒಬ್ಳೇ ಇರ್ತೀಯ. ಒಂದು ಪಿಸ್ತೂಲು ತಗೋ. ಮೈಮೇಲೇ ಇಟ್ಕೋ, ಯಾರಿಗೂ ಕಾಣದ ಹಾಗೆ.” ನೀನು ಅಳುತ್ತಿದ್ದೆ. ಆಗ ಆನೆ ಕೊಂಡುಕೋ ಎಂದಿದ್ದರೂ ಹೂಂ ಅನ್ನುತ್ತಿದ್ದೆ. ಅಷ್ಟು ಸಾಲದು ಎಂಬಂತೆ ನಿನ್ನ ಅಣ್ಣ ಡ್ಯೂಯಿಗೂ ಅದೇ ಮಾತು ಹೇಳಿ ಹೋದೆ. ಜನವರಿಯಲ್ಲಿ, ಬದುಕುವುದು ಬೇಡವೆನ್ನಿಸುತ್ತಿದೆ ಎಂದು ಡಾಕ್ಟರ ಮುಂದೆ ಬಾಯಿಬಿಟ್ಟವನು ನೀನು. ನಾನು ಕೂತು ನಿನ್ನ ಬಗ್ಗೆ ಯೋಚಿಸಬೇಕಾದ ಹೊತ್ತಿನಲ್ಲಿ ಊರಿಗೆ ಊರೇ ನನ್ನ ಸೊಂಟದ ಬಗ್ಗೆ ಯೋಚಿಸುತ್ತಿದೆ.

ಡ್ಯೂಯಿ ಮರುದಿನ ಬೆಳಿಗ್ಗೆಯೇ ಹಾಜರು. ಕಾಗದದ ಚೀಲದಲ್ಲಿ ನೇರಳೆ ಹಿಡಿಯ ಒಂದು ಪುಟಾಣಿ ರಿವಾಲ್ವರ್. “ಹೆಂಗಸರಿಗೆ ಅಂತಾನೇ ಮಾಡಿರೋದು ಲೊರೀನ್, ನೋಡು ಎಷ್ಟು ಹಗುರ!” ಹಗುರವೇನೋ ಹೌದು. ತನ್ನ ಕೊಟ್ಟಿಗೆಯ ಹಿಂದಕ್ಕೆ ಕರೆದೊಯ್ದು ಬೇಲಿಯ ಮೇಲೆ ಹಾಲಿನ ಡಬ್ಬ ಇಟ್ಟು ಹೊಡಿ ಅಂದ. ಹೊಡೆದೆ. ಬಂದೂಕು ಹಗುರವಾದಷ್ಟೂ ಅದರ ಒದೆತವೆಲ್ಲ ಕೈಗೇ ಬರುತ್ತದೆ ಎಂದು ಆ ಮಹಾನುಭಾವ ನನಗೆ ಹೇಳಲೇ ಇಲ್ಲ. ಹೆಬ್ಬೆರಳ ಬುಡ ಊದಿಕೊಂಡು ಮೂರು ದಿನ ಹಿಟ್ಟು ನಾದಲಾಗಲಿಲ್ಲ. ಹಾಲಿನ ಡಬ್ಬಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. “ರೂಢಿ ಆಗುತ್ತೆ ಬಿಡು” ಅಂದ. ನೀನೊಮ್ಮೆ ಹೊಡೆದು ನೋಡು ಅಂದರೆ, ತನ್ನ ಬೆರಳು ಅದರಲ್ಲಿ ಹಿಡಿಸುವುದಿಲ್ಲವಂತೆ. ಈ ಜಿಲ್ಲೆಯ ಗಂಡಸರೆಲ್ಲ ಹೀಗೆಯೇ. ತಮಗೆ ದೊಡ್ಡದು, ಹೆಂಡತಿಗೆ ಸಣ್ಣದು, ಅದೂ ಬಣ್ಣದ್ದು. ಕೊಡುವ ಮೊದಲು ಅವಳ ಕೈಯನ್ನು ಒಮ್ಮೆ ನೋಡಿದವನೊಬ್ಬನೂ ಇಲ್ಲ.

ಆಮೇಲೆ ಹೆದ್ದಾರಿಯ ಪಕ್ಕದ ಅಂಗಡಿಗೆ ಕರೆದುಕೊಂಡು ಹೋದ. ಅಲ್ಲಿ ಗಾಜಿನ ಪೆಟ್ಟಿಗೆಯ ಹಿಂದೆ ನಿಂತಿದ್ದವನು ಡ್ಯೂಯಿಯನ್ನು ಕೇಳಿದ, “ಇವ್ರಿಗೆ ಎಂಥದ್ದು ಬೇಕಂತೆ?” ನಾನು ಅವನಿಂದ ಒಂದು ಗೇಣು ದೂರದಲ್ಲಿ ನಿಂತಿದ್ದೆ ಗಾರ್ಲಂಡ್. ಒಂಬತ್ತು ಪಿಸ್ತೂಲು ತೆಗೆದು ಸಾಲಾಗಿ ಇಟ್ಟ. ಒಂದರ ಮೇಲ್ಭಾಗ ಹಿಂದಕ್ಕೆ ಎಳೆಯಲು ನನ್ನ ಗಂಟುಕಟ್ಟಿದ ಬೆರಳಿಗೆ ಆಗಲೇ ಇಲ್ಲ, “ಎಳೀಬೇಡಿ ಅಮ್ಮಾ, ತಳ್ಳಿ, ತಳ್ಳಿ” ಎಂದು ಅವನು, ಹೆರಿಗೆ ಮಾಡಿಸುತ್ತಿರುವ ಹಾಗೆ. ಇನ್ನೊಂದು ಕೈಗೆ ಚೆನ್ನಾಗಿ ಕೂತಿತು, ಆದರೆ ಬಾಣಲೆಯಷ್ಟು ತೂಕ. ಐದಡಿ ಎರಡಂಗುಲದ ನಾನು ಅದನ್ನು ಎಲ್ಲಿ ಬಚ್ಚಿಡಲಿ? ಮತ್ತೊಂದು ಪಚ್ಚೆ ಬಣ್ಣದ್ದು. ಯಾಕೆ ಪಚ್ಚೆ ಎಂದರೆ, “ಚೆನ್ನಾಗಿ ಕಾಣುತ್ತೆ ಮೇಡಂ” ಅಂದ. ಕಾಣಬಾರದು ಎಂದೇ ಅಲ್ಲವೇ ಈ ಒದ್ದಾಟ? ಅಷ್ಟರಲ್ಲಿ ಅವರಿಬ್ಬರಿಗೂ ಗುಂಡಿನ ಗಾತ್ರದ ಮೇಲೆ ಜಗಳ ಹತ್ತಿಕೊಂಡಿತು. ಮುಕ್ಕಾಲು ಗಂಟೆ. ಗೋಡೆಯ ಮೇಲಿದ್ದ ಮೀನು ಹಿಡಿಯುವ ನಿಯಮಗಳನ್ನೆಲ್ಲ ನಾನು ಓದಿ ಮುಗಿಸಿದೆ. ಕೊನೆಗೆ ಏನೂ ಕೊಳ್ಳದೆ ಬಂದೆವು. ಡ್ಯೂಯಿ ತನ್ನದೇ ಒಂದು ಮಧ್ಯಮ ಗಾತ್ರದ್ದನ್ನೂ, ಅದನ್ನು ಹೊಟ್ಟೆಗೆ ಬಿಗಿಯುವ ಎಲಾಸ್ಟಿಕ್ ಪಟ್ಟಿಯನ್ನೂ ಕೊಟ್ಟು, “ಒಂದು ವಾರ ಹಾಕ್ಕೊಂಡು ನೋಡು” ಅಂದ.

ಹಾಕಿಕೊಂಡೆ, ಚರ್ಚಿಗೆ, ನೀಲಿ ಉಡುಪಿನ ಒಳಗೆ. ಮೂರ್ಖಳು ನಾನು. ನಮ್ಮ ಚರ್ಚಿನಲ್ಲಿ ಹತ್ತು ಜನರನ್ನು ತಬ್ಬಿಕೊಳ್ಳದೆ ಬೆಂಚಿನ ತನಕ ಹೋಗಲು ಸಾಧ್ಯವೆ? ಮೊದಲು ಸಿಕ್ಕವಳು ವಾದ್ಯ ನುಡಿಸುವ ಮ್ಯಾಕ್ಸೀನ್. ತಬ್ಬಿದಳು, ಮೊಣಕೈಗೆ ಗಟ್ಟಿ ತಗುಲಿತು, ಕಣ್ಣರಳಿಸಿ ಕಿವಿಯಲ್ಲಿ ಕೇಳಿದಳು, “ಯಾವ್ದು ತಗೊಂಡ್ಯೇ?” ಮೊದಲ ಹಾಡು ಮುಗಿಯುವ ಹೊತ್ತಿಗೆ ಇಡೀ ಚರ್ಚಿಗೆ ಗೊತ್ತಾಗಿತ್ತು. ಪ್ರಾರ್ಥನೆಗೆ ಎದ್ದು ನಿಂತಾಗ ಪಟ್ಟಿ ಜಾರತೊಡಗಿತು. ಉಪದೇಶ ಮುಗಿಯುವ ತನಕ ಪಕ್ಕೆ ಒತ್ತಿಹಿಡಿದು, ಕಣ್ಣುಮುಚ್ಚಿ ಕೂತಿದ್ದೆ. ನನ್ನ ಮನಸ್ಸು ಕರಗಿದೆ ಎಂದು ತಿಳಿದು ಪಾದ್ರಿಗಳು ಆಮೇಲೆ ಬಂದು ಕೈ ಕುಲುಕಿದರು. ಊಟದ ಮನೆಯಲ್ಲಿ ಆಲೂಗಡ್ಡೆ ಬಡಿಸಿಕೊಳ್ಳುತ್ತ ಒಬ್ಬೊಬ್ಬರದೂ ಒಂದೊಂದು ಸಲಹೆ. “ನನ್ನ ಹಾಗೆ ಕೈಚೀಲದಲ್ಲಿಡೇ, ಯಾವ ಜಂಜಾಟಾನೂ ಇಲ್ಲ” ಎಂದ ಮ್ಯಾಕ್ಸೀನ್, ಮಾತು ಮುಗಿಸುವ ಮೊದಲೇ ಬಿಳಿಚಿಕೊಂಡು ಮಕ್ಕಳ ಕೋಣೆಯ ಕಡೆಗೆ ಓಡಿದಳು. ಕೈಚೀಲ ಅಲ್ಲಿ ಬಿಟ್ಟು ಬಂದಿದ್ದಳಂತೆ. ಪುಣ್ಯಕ್ಕೆ ಯಾರೂ ಮುಟ್ಟಿರಲಿಲ್ಲ. ನಾನು ತಟ್ಟೆ ಕೆಳಗಿಟ್ಟು ಮನೆಗೆ ಬಂದೆ.

ಕಳೆದ ಶನಿವಾರ ಪಿಸ್ತೂಲು ಪರವಾನಗಿಯ ತರಗತಿ ಇತ್ತು, ಅಗ್ನಿಶಾಮಕದವರ ಸಭಾಂಗಣದಲ್ಲಿ. ಕಲಿಸುವವಳು ಓಪಲ್ ಟ್ಯಾಕೆಟ್. ಶಾಲೆಯ ಬಸ್ಸು ಓಡಿಸುತ್ತಿದ್ದಳಲ್ಲ, ನನ್ನಷ್ಟೇ ಎತ್ತರ, ಅವಳೇ. ಐದು ವಾರದಲ್ಲಿ ನನ್ನ ಕೈ ಹಿಡಿದು ನೋಡಿದವಳು ಅವಳೊಬ್ಬಳು. ಬೆರಳುಗಳನ್ನು ಬಿಡಿಸಿ, ಮಡಿಸಿ, ಒಳಗೆ ಹೋಗಿ ತನ್ನದೇ ಒಂದು ಪಿಸ್ತೂಲು ತಂದುಕೊಟ್ಟಳು. ಸಣ್ಣದೂ ಅಲ್ಲ, ದೊಡ್ಡದೂ ಅಲ್ಲ, ಮೆದು ಸ್ಪ್ರಿಂಗಿನದು, ಕಪ್ಪು. ಹತ್ತರಲ್ಲಿ ಎಂಟು ಗುಂಡು ಗುರಿಗೆ ಬಿದ್ದವು ಗಾರ್ಲಂಡ್! ನೋವೂ ಆಗಲಿಲ್ಲ. “ಇದೇ ನಿಂಗೆ” ಅಂದಳು. ಸಾಕಪ್ಪಾ ಸಾಕು, ಇಂಥದ್ದೇ ತೆಗೆದುಕೊಳ್ಳುತ್ತೇನೆ ಅಂದೆ. ಆಗ ಅವಳು ಎಲ್ಲರನ್ನೂ ಕೇಳುವ ಹಾಗೆ ನನ್ನನ್ನೂ ಕೇಳಿದಳು. ಸ್ನಾನಕ್ಕೆ ಹೋದಾಗ ಇದು ಎಲ್ಲಿರುತ್ತೆ? ಮಲಗಿದಾಗ ಎಲ್ಲಿರುತ್ತೆ? ಮನೇಲಿ ಇನ್ಯಾರಿದಾರೆ? ನನ್ನ ಗಂಡ, ಈಗ ಊರಲ್ಲಿಲ್ಲ, ಏಪ್ರಿಲಿನಲ್ಲಿ ಬರುತ್ತಾನೆ ಅಂದೆ. “ಎಲ್ಲಿಗೆ ಹೋಗಿದಾನೆ?” ನೀನು ಎಲ್ಲಿದ್ದೀಯ ಎಂದು ಈ ಊರಿನಲ್ಲಿ ಎಲ್ಲರಿಗೂ ಗೊತ್ತು, ಅದಕ್ಕೇ ಎಲ್ಲರೂ ನನ್ನ ಬಳಿ ಹವಾಮಾನದ ಮಾತಾಡುತ್ತಾರೆ. ಇವಳು ಕೇಳಿದಳು. ನಾನೂ ಹೇಳಿಬಿಟ್ಟೆ.

ಓಪಲ್ ಆ ಪಿಸ್ತೂಲನ್ನು ನನ್ನ ಕೈಯಿಂದ ತೆಗೆದುಕೊಂಡು ಡಬ್ಬದಲ್ಲಿಟ್ಟು ಮುಚ್ಚಿದಳು. “ಹಾಗಾದ್ರೆ ಇವತ್ತು ಬೇಡ ಲೊರೀನ್. ನಮ್ಮನೆಗೆ ಹೊರಗಿನ ಕಳ್ಳ ಯಾವತ್ತೂ ಬರ್ಲಿಲ್ಲ. ನಮ್ಮ ರೇ ಹೋಗಿದ್ದು ಮಂಚದ ಪಕ್ಕ ನಾನು ಇಟ್ಕೊಂಡಿದ್ದ ಪಿಸ್ತೂಲಿಂದ. ನನ್ನ ರಕ್ಷಣೆಗೆ ಅಂತ ಅವನೇ ಆರಿಸಿ ಕೊಡ್ಸಿದ್ದು.” ಅವಳ ಗಂಡ ಹೋದದ್ದು ಹೃದಯಾಘಾತದಿಂದ ಎಂದೇ ಊರಿಗೆಲ್ಲ ಹೇಳಿದ್ದರು. ಆಗ ನಾನು ಸೇಬಿನ ಕಡುಬು ಮಾಡಿಕೊಂಡು ಹೋಗಿ, ಕ್ಷಣದಲ್ಲಿ ಹೋದನಲ್ಲ, ನೋವು ತಿನ್ನಲಿಲ್ಲ ಎಂದು ಅವಳಿಗೆ ಸಮಾಧಾನ ಹೇಳಿದ್ದೆ. ಅದಕ್ಕೆ ಅವಳು ಹೌದೆಂದು ತಲೆಯಾಡಿಸಿದ್ದಳು.

ಕಾರಿನಲ್ಲಿ ಕೂತು ಬಹಳ ಹೊತ್ತು ಕೀಲಿ ತಿರುಗಿಸಲಿಲ್ಲ. ಮೊದಲು ಡ್ಯೂಯಿಯ ಮೇಲೆ ಸಿಟ್ಟು ಬಂತು, ಆಮೇಲೆ ಆ ಅಂಗಡಿಯವನ ಮೇಲೆ, ನಿನ್ನ ಮೇಲೆ, ಎಲ್ಲರಿಗಿಂತ ಹೆಚ್ಚು ನನ್ನ ಮೇಲೆ. ಐದು ವಾರ ಕೈಗೆ ಕೂರುತ್ತದೆಯೆ, ಉಡುಪಿನಲ್ಲಿ ಅಡಗುತ್ತದೆಯೆ ಎಂದು ಹೆಣಗಿದೆವು. ಅಂಗಳಕ್ಕೆ ಯಾರು ನುಗ್ಗಿಯಾರು ಎಂದು ಲೆಕ್ಕ ಹಾಕಿದೆವು. ನಿನ್ನ ಕೋಣೆಯ ಬೀರುವಿನಲ್ಲಿ ಹನ್ನೊಂದು ಬಂದೂಕಿದ್ದವು, ಕೀಲಿ ಅಡುಗೆಮನೆಯ ಮೊಳೆಗೆ ನೇತಾಡುತ್ತಿತ್ತು, ನೀನು ಏಪ್ರಿಲಿನಲ್ಲಿ ಮನೆಗೆ ಬರುತ್ತೀಯ. ಇದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಆ ಬೀರುವಿನ ಧೂಳನ್ನು ನಾನು ವಾರವಾರವೂ ಒರೆಸುತ್ತಿದ್ದೆ.

ಊಟ ಬಿಡಬೇಡ. ಮೊಟ್ಟೆ ಕೊಟ್ಟರೆ ತಿನ್ನು, ಬೆಂದದ್ದು ಸರಿಯಿಲ್ಲ ಎಂದು ತಟ್ಟೆ ತಳ್ಳಬೇಡ. ಪಾದ್ರಿಗಳು ಪ್ರತಿ ಭಾನುವಾರ ನಿನ್ನ ಹೆಸರು ಹಿಡಿದು ಪ್ರಾರ್ಥಿಸುತ್ತಾರೆ, ನಾನು ದಿನವೂ. ನಿನ್ನನ್ನು ನನಗೆ ಕೊಟ್ಟ ದೇವರು ಅಲ್ಲಿ ನಿನ್ನ ತಲೆಯ ಮೇಲೆ ಕೈಯಿಟ್ಟಿರಲಿ.

ಮೂವತ್ತೊಂದು ವರ್ಷದಿಂದ ನಿನ್ನವಳೇ ಆದ,
ಲೊರೀನ್

ಮರೆತದ್ದು: ಟಪಾಲು ಗಾಡಿ ತಿರುವಿನಲ್ಲಿ ಕಾಣುತ್ತಿದೆ, ಬೇಗ ಬರೆಯುತ್ತೇನೆ. ನಿನ್ನೆ ಡ್ಯೂಯಿ ಟ್ರಕ್ಕು ತಂದು ಹನ್ನೊಂದನ್ನೂ ಒಯ್ದ, ನಿನ್ನ ಅಜ್ಜನದನ್ನೂ ಸೇರಿಸಿ. ಅವನು ನನಗೆ ಕೊಟ್ಟಿದ್ದನ್ನೂ ವಾಪಸು ಕೊಟ್ಟೆ, ನನಗೆ ಒಂದೂ ಬೇಡ. ಬಾಗಿಲಿಗೆ ಹೊಸ ಚಿಲಕ ಹಾಕಿಸಿದ್ದೇನೆ. ಎಲ್ಲ ಅವನ ಕಬ್ಬಿಣದ ಪೆಟ್ಟಿಗೆಯಲ್ಲಿವೆ, ಬೀಗದ ಸಂಖ್ಯೆಯನ್ನು ನನಗೂ ಹೇಳಬೇಡ ಅಂದಿದ್ದೇನೆ. ಗಾರ್ಲಂಡ್ ಬಂದು ಬಾಯಿಗೆ ಬಂದ ಹಾಗೆ ಬೈತಾನೆ ಅಂದೆ. ಡ್ಯೂಯಿ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟ. “ಬೈಲಿ ಬಿಡು, ಬೈಯೋಕೆ ಇರ್ತಾನಲ್ಲ” ಅಂದ. ಇನ್ನೊಂದು ಮಾತು. ಆ ದಿನ ಆ ಬಾಗಿಲಲ್ಲಿ ನಿನ್ನನ್ನು ತಬ್ಬಿಕೊಂಡೆನಲ್ಲ, ಒಳಗೆ ಬಿಡುವುದಿಲ್ಲವೆಂದು ನೀನು ನಿನ್ನ ಪಿಸ್ತೂಲನ್ನು, ಆ ಹನ್ನೊಂದರಲ್ಲೊಂದನ್ನು, ಮನೆಯಲ್ಲೇ ಬಿಟ್ಟು ಬಂದಿದ್ದೆ. ಮದುವೆಯಾದಂದಿನಿಂದ ನಿನ್ನ ಸೊಂಟದ ಬಲಗಡೆ ಗಟ್ಟಿ ತಗುಲುತ್ತದೆಂದು ನಾನು ಕೈಯನ್ನು ಮೇಲಕ್ಕೇ ಹಾಕುತ್ತಿದ್ದೆ, ಅದು ನನಗೇ ಗೊತ್ತಿರಲಿಲ್ಲ. ಅವತ್ತು ಮೊದಲ ಸಲ ನನ್ನ ತೋಳು ನಿನ್ನನ್ನು ಪೂರ್ತಿ ಸುತ್ತಿಕೊಂಡಿತು. ಏಪ್ರಿಲ್ ಇಪ್ಪತ್ತಕ್ಕೆ ಕರೆಯಲು ಬರುತ್ತೇನೆ. ಹಾಗೆಯೇ ಬಾ. ಸಿಟ್ಟು ಮಾಡಿಕೊಂಡೇ ಬಾ, ಬಂದು ಮನೆಯಲ್ಲಿ ಕೂತು ಎಷ್ಟು ವರ್ಷ ಬೇಕಾದರೂ ಸಿಟ್ಟು ಮಾಡು.