ಚುಕ್ಕಾಣಿ ಹಿಡಿದವಳಿಗೆ

ಸ್ಟಾಫರ್ಡ್
19 ಅಕ್ಟೋಬರ್ 1994

ಪ್ರೀತಿಯ ಗ್ವೆಂಡಾ,

ನಿನ್ನ ಕಾಗದ ಬಂದು ಮೂರು ವಾರವಾಯಿತು. ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸು. ಜಾಮ್ ಮಾಡುವ ಕೆಲಸವಿತ್ತು, ನಾರ್ಮನ್‌ಗೆ ಸೊಂಟ ಹಿಡಿದುಕೊಂಡಿತ್ತು ಎಂದೆಲ್ಲ ನೆಪ ಹೇಳಬಹುದು. ನಿಜ ಏನೆಂದರೆ ನಿನ್ನ ಮೇಲೆ ಸಿಟ್ಟಿತ್ತು. ಆದರೂ ಎರಡು ಬಾಟಲಿ ಜಾಮ್ ನಿನಗೆಂದು ಎತ್ತಿಟ್ಟಿದ್ದೇನೆ, ಸಿಟ್ಟಿಗೂ ಜಾಮಿಗೂ ಸಂಬಂಧವಿಲ್ಲ.

"ನಿಮ್ಮ ರಜೆ ನನ್ನಿಂದ ಹಾಳಾಯ್ತು, ಇನ್ನು ಸಾಯೋವರೆಗೂ ನಾನು ದೋಣಿಮನೆ ಹತ್ತಲ್ಲ" ಎಂದು ಬರೆದಿದ್ದೀಯ. ಅಳಬೇಡ ಮಾರಾಯ್ತಿ. ಹಾಳಾಗಿದ್ದು ನಾಲ್ಕು ಚಹಾ ಕಪ್ಪು ಮತ್ತು ಬಗ್ಗಿದ ಒಂದು ಚುಕ್ಕಾಣಿ. ತಪ್ಪು ನಿನ್ನದಲ್ಲ.

ಸಿಟ್ಟು ಯಾಕೆ ಎಂದು ಕೇಳುತ್ತೀಯ. ಕೇಳು. ಇಪ್ಪತ್ತಾರು ವರ್ಷಗಳಿಂದ ಪ್ರತಿ ಸೆಪ್ಟೆಂಬರಿನಲ್ಲಿ ನಾವು ಗಂಡಹೆಂಡತಿ ದೋಣಿಮನೆ ಬಾಡಿಗೆಗೆ ಹಿಡಿದು ಕಾಲುವೆಗೆ ಇಳಿಯುತ್ತೇವೆ. ನಾರ್ಮನ್ ಚಹಾದ ಮಗ್ ಹಿಡಿದು ಚುಕ್ಕಾಣಿಯ ಹತ್ತಿರ ನಿಲ್ಲುತ್ತಾನೆ. ನಾನು ಕಬ್ಬಿಣದ ಹಿಡಿಕೆ ಹೊತ್ತು ದಡದಲ್ಲಿ ನಡೆಯುತ್ತೇನೆ, ಎರಡು ಗೇಟುಗಳ ನಡುವೆ ದೋಣಿ ನಿಲ್ಲಿಸಿ ನೀರು ಏರಿಸಿ ಇಳಿಸುವ ಪ್ರತಿ ಲಾಕಿನಲ್ಲೂ ಹಿಡಿಕೆ ತಿರುಗಿಸಿ ತೂಬು ಎತ್ತಿ, ನೀರು ಇಳಿದ ಮೇಲೆ ಗೇಟಿಗೆ ಬೆನ್ನು ಕೊಟ್ಟು ತಳ್ಳುತ್ತೇನೆ. ನಾನೊಬ್ಬಳೇ ಅಲ್ಲ ಬಿಡು, ಎದುರು ಬರುವ ದೋಣಿಗಳದ್ದೂ ಇದೇ ಕಥೆ. ಗಂಡಸರು ಮಗ್ ಎತ್ತಿ ನಮಸ್ಕಾರ ಹೇಳುತ್ತಾರೆ, ಹೆಂಗಸರು ಸೊಂಟ ಹಿಡಿದುಕೊಂಡು.

ನಾಲ್ಕನೇ ವರ್ಷ ಒಮ್ಮೆ ನಾನೂ ಚುಕ್ಕಾಣಿ ಕೇಳಿದ್ದೆ. "ಎಡಕ್ಕೆ ತಳ್ಳಿದ್ರೆ ಬಲಕ್ಕೆ ಹೋಗುತ್ತೆ ಕಣೇ. ಕೈಗೆ ಅಭ್ಯಾಸ ಇಲ್ಲದೋರಿಗೆ ಆಗಲ್ಲ" ಎಂದ. ಮತ್ತೆ ಕೇಳಲಿಲ್ಲ.

ನಿನ್ನ ಐವರ್ ತೀರಿಕೊಂಡ ಮೇಲೆ ನೀನು ಮನೆ ಬಿಟ್ಟು ಹೊರಗೇ ಬಂದಿರಲಿಲ್ಲ. ಒತ್ತಾಯ ಮಾಡಿ ಕರೆದವಳು ನಾನೇ. ಮೂರನೇ ದಿನ ಮಾರ್ಕೆಟ್ ಡ್ರೇಟನ್ ಊರು ದಾಟಿದ ಮೇಲೆ, ನೀನು ಶುಂಠಿ ಬಿಸ್ಕತ್ತನ್ನು ಅವನ ಚಹಾದಲ್ಲೇ ಅದ್ದಿಕೊಂಡು, "ನಾರ್ಮನ್, ನಂಗೂ ಒಂದ್ಸಲ ಕೊಡಪ್ಪಾ" ಎಂದೆ. ಊಟದ ಮೇಜಿನಲ್ಲಿ ಉಪ್ಪು ದಾಟಿಸಿದಷ್ಟು ಸುಲಭವಾಗಿ ಅವನು ಚುಕ್ಕಾಣಿ ಬಿಟ್ಟುಕೊಟ್ಟ!

ನೀನು ಸೇತುವೆಗೆ ಗುದ್ದಿಸಿದೆ. ನಾನು ಗುದ್ದಿಸಿದ್ದರೆ ವಾರವಿಡೀ ಮುಖ ಊದಿಸಿಕೊಳ್ಳುತ್ತಿದ್ದ. ನಿನಗೆ ಮಾತ್ರ, "ಗುದ್ದು ಗುದ್ದು, ಇನ್ನೂರು ವರ್ಷದಿಂದ ಎಲ್ರೂ ಗುದ್ದಿದ ಕಲ್ಲೇ ಅದು" ಎಂದು ನಕ್ಕ. ಆ ನಗು ನಾನು ಕೇಳಿ ಎಷ್ಟು ವರ್ಷವಾಗಿತ್ತೋ. ನಿನ್ನ ತಲೆಯ ಮೇಲೆ ಇದ್ದದ್ದು ನನ್ನ ಕೆಂಪು ಟೋಪಿ ಬೇರೆ.

ಹೊಟ್ಟೆಕಿಚ್ಚು ಗ್ವೆಂಡಾ, ಬೇರೇನೂ ಅಲ್ಲ. ಅರವತ್ತೊಂದನೇ ವಯಸ್ಸಿನಲ್ಲಿ, ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವಳ ಮೇಲೆ. ದೋಣಿ ಹೋಗುವುದು ಮನುಷ್ಯ ನಡೆಯುವಷ್ಟೇ ವೇಗದಲ್ಲಿ. ಹೀಗಾಗಿ ಎರಡು ಲಾಕುಗಳ ನಡುವೆ ನಾನು ನಿಮ್ಮನ್ನು ಬಿಟ್ಟು ಮುಂದೆ ಹೋಗುವಂತೆಯೂ ಇರಲಿಲ್ಲ, ಹಿಂದೆ ಉಳಿಯುವಂತೆಯೂ ಇರಲಿಲ್ಲ. ನಿಮ್ಮ ಒಂದೊಂದು ಮಾತೂ ಕಿವಿಗೆ ಬೀಳುತ್ತಿತ್ತು. ಮೈಯೆಲ್ಲ ಉರಿಯುತ್ತಿತ್ತು.

ಆಮೇಲೆ ಆಡ್ಲೆಮ್‌ನ ಹದಿನೈದು ಲಾಕುಗಳು. ಹನ್ನೊಂದನೆಯದರಲ್ಲಿ ನಾನು ಕೆಳಗಿನ ಗೇಟಿನ ತೂಬು ಎತ್ತಿದ್ದೆ, ನೀರು ಇಳಿಯುತ್ತಿತ್ತು. ಚುಕ್ಕಾಣಿ ಹಿಡಿದಿದ್ದ ನಿನಗೆ ಅವನು ಕೊಕ್ಕರೆ ತೋರಿಸುತ್ತಿದ್ದ. ದೋಣಿ ಮೆಲ್ಲಗೆ ಹಿಂದೆ ಸರಿದು, ಇದಕ್ಕಿಂತ ಹಿಂದೆ ಬರಬಾರದೆಂದು ಗೋಡೆಗೆ ಬಳಿದ ಬಿಳಿ ಗೆರೆ ದಾಟಿ, ಹಿಂಭಾಗ ಮೇಲಿನ ಗೇಟಿನ ಅಡಿಯ ಕಲ್ಲಿನ ಹೊಸ್ತಿಲ ಮೇಲೆ ಸಿಕ್ಕಿಕೊಂಡಿತು. ಮುಂಭಾಗ ನೀರಿನ ಜೊತೆ ಇಳಿಯುತ್ತಲೇ ಇತ್ತು. ಒಳಗೆ ಕಪ್ಪುಗಳು ಉರುಳಿದವು, ನೀನು ಕಿರುಚಿದೆ. ಅವನು "ಹಿಲ್ಡಾ! ತೂಬು!" ಎಂದು ಕೂಗಿದ. ನಾನು ತೂಬು ಇಳಿಸಿ, ಮೇಲಿನ ಗೇಟಿಗೆ ಓಡಿ ನೀರು ಬಿಟ್ಟೆ. ದೋಣಿ ಮತ್ತೆ ತೇಲಿತು. ಸಂಜೆಯ ಬಸ್ಸಿಗೇ ನೀನು ಹೊರಟುಹೋದೆ.

ಅಂದಿನಿಂದ ಇಲ್ಲಿ ಒಂದೇ ರಾಗ. "ತಪ್ಪು ನಂದೇ ಕಣೇ, ಪಕ್ಕದಲ್ಲೇ ನಿಂತು ನಾನು ನೋಡಬಾರದಾ?" ಎನ್ನುತ್ತಾನೆ. ನೀನು ಕಾಗದದಲ್ಲಿ ತಪ್ಪು ನಿನ್ನದು ಎನ್ನುತ್ತೀಯ. ನಡುವೆ ನಾನು ಚಹಾ ಮಾಡುತ್ತೇನೆ.

ನಿನ್ನ ಕಾಗದದ ಎರಡನೇ ಪುಟದಲ್ಲಿ ಒಂದು ಮಾತಿದೆ. "ಚುಕ್ಕಾಣೀನ ಎರಡೂ ಕೈಲಿ ಅವುಚಿ ಹಿಡಿದಿದ್ದೆ. ನಾರ್ಮನ್ ಹೇಳಿದ, 'ಹೆದರಬೇಡ, ದಡದ ಮೇಲೆ ಹಿಲ್ಡಾ ಇದ್ದಾಳೆ. ಅವಳ ಕಣ್ಣು ತಪ್ಪಿಸಿ ಒಂದು ಬಾತುಕೋಳೀನೂ ಹೋಗಲ್ಲ. ಅವಳು ಅಲ್ಲಿರೋದಕ್ಕೇ ನಾನು ಇಲ್ಲಿ ಆರಾಮಾಗಿ ಚಹಾ ಕುಡಿಯೋದು' ಅಂತ." ಈ ಸಾಲನ್ನು ಎಷ್ಟು ಸಲ ಓದಿದೆನೋ, ಕಾಗದದ ಮಡಿಕೆ ಹರಿದಿದೆ. ಅವನು ಇದನ್ನು ನನಗೆ ಒಂದು ಸಲವೂ ಹೇಳಿರಲಿಲ್ಲ.

ಮುಂದಿನ ಸೆಪ್ಟೆಂಬರಿಗೆ ದೋಣಿ ಕಾಯ್ದಿರಿಸಿದ್ದಾನೆ. ಮೂರು ಹಾಸಿಗೆಯದು. ಬಾ. ಚಳಿಯಲ್ಲಿ ಮಂಡಿ ನೋಡಿಕೋ, ಹೊತ್ತಿಗೆ ಸರಿಯಾಗಿ ಊಟ ಮಾಡು, ಒಬ್ಬಳೇ ಕೂತು ಐವರ್‌ನ ಕೋಟು ನೋಡುತ್ತಾ ಅಳಬೇಡ. ನಿನಗೆ ಒಳ್ಳೆಯದಾಗಲಿ, ಮನಸ್ಸು ಹಗುರವಾಗಲಿ.

ನಿನ್ನ,
ಹಿಲ್ಡಾ

ಮರೆತಿದ್ದು: ಮರೆತಿರಲಿಲ್ಲ, ಬರೆಯಲು ಧೈರ್ಯ ಸಾಲಲಿಲ್ಲ. ತಪ್ಪು ನಿನ್ನದಲ್ಲ ಎಂದೆನಲ್ಲ, ಯಾಕೆ ಎಂದು ಹೇಳಲಿಲ್ಲ. ದೋಣಿ ಬಿಳಿ ಗೆರೆಯಿಂದ ಹಿಂದೆ ಸರಿಯುವುದು ನನಗೆ ಕಂಡಿತ್ತು, ಗ್ವೆಂಡಾ. ಹಿಡಿಕೆ ಕೈಯಲ್ಲೇ ಇತ್ತು. ಒಂದು ಕೂಗು ಹಾಕಿದ್ದರೆ ಸಾಕಿತ್ತು. ನೀವಿಬ್ಬರೂ ನಗುತ್ತಿದ್ದಿರಿ, ಆ ನಗು ನಿಲ್ಲಲಿ ಎಂದು ಕಾದೆ. ಅವನು ನನ್ನ ಹೆಸರು ಕೂಗುವವರೆಗೂ ಕಾದೆ.

ನಾರ್ಮನ್‌ಗೆ ಇನ್ನೂ ಹೇಳಿಲ್ಲ. ನಿನ್ನೆ ಅವನೇ, "ಮುಂದಿನ ವರ್ಷ ಚುಕ್ಕಾಣಿ ನೀನು ಹಿಡ್ಕೋ ಹಿಲ್ಡಾ, ನನಗಿಂತ ನೀನೇ ಎಚ್ಚರ" ಎಂದ. ಬೇಡ ಎಂದೆ. ಯಾಕೆ ಎಂದು ಕೇಳಿದ. ಕೈಗೆ ಅಭ್ಯಾಸವಿಲ್ಲ ಎಂದೆ.