ಡಾಮ್ ಅಂದರೆ ಕೊಳ

೩ ಮಾರ್ಚ್ ೨೦೦೮, ಸೋಮವಾರ. ಓರ್ಹುಸ್

ಬನ್ನು ತರುವ ಸರದಿ ನನ್ನದು. ಎರಡು ದೊಡ್ಡ ಚೀಲ, ಸೈಕಲ್ಲಿನ ಹ್ಯಾಂಡಲ್ಲಿಗೆ ಆಚೆ ಈಚೆ ನೇತುಹಾಕಿಕೊಂಡು ಬಂದೆ. ಮೊದಲು ಒಂದು ಪೊಟ್ಟಣ ಸಾಕಾಗುತ್ತಿತ್ತು. ಆಸ್ಗರ್ ಕ್ವಿಸ್ಟ್, ನಾನು, ಆಮೇಲೆ ಸೇರಿಕೊಂಡ ನಾಲ್ಕಾರು ಹುಡುಗರು. ಈಗ ಮೇಜಿನ ಆ ತುದಿಯಲ್ಲಿ ಕೂರುವವರ ಹೆಸರೇ ನನಗೆ ಗೊತ್ತಿಲ್ಲ. ಕಟ್ಟಡಗಳ ನಕ್ಷೆ ಬರೆಯುವ ಆಫೀಸು, ಬೋರ್ಡಿನಲ್ಲಿ ನನ್ನ ಹೆಸರೂ ಇದೆ!

ಕೆನಡಾದ ಗ್ರಂಥಾಲಯ ಕಟ್ಟಿಸುವ ಕೆಲಸ ನಮಗೇ ಸಿಕ್ಕಿದೆ. ಆಸ್ಗರ್ ಕುರ್ಚಿಯ ಮೇಲೆ ಹತ್ತಿ ನಿಂತು ಹೇಳಿದ. ಕೂಗು, ಚಪ್ಪಾಳೆ. ಆಮೇಲೆ ಅದೇ ಕುರ್ಚಿಯ ಮೇಲಿಂದ ಇನ್ನೊಂದು ಸುದ್ದಿ: ಈಸ್ಟರ್ ಕಳೆದ ಮೇಲೆ ಆಫೀಸಿನ ಭಾಷೆ ಡೇನಿಷ್ ಅಲ್ಲ, ಇಂಗ್ಲಿಷ್. ಮೀಟಿಂಗು, ಇಮೇಲು, ನಕ್ಷೆಯ ಮೇಲಿನ ಬರಹ, ಎಲ್ಲ. ಹೊರಗಿಂದ ಬಂದವರು ಊಟದ ಮೇಜಿನಲ್ಲಿ ಮೂಕರ ಹಾಗೆ ಕೂರುವುದು ಸರಿಯಲ್ಲ ಎಂದ.

ಸರಿಯಾದ ಮಾತೇ. ಅದಕ್ಕೂ ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ.

೨೫ ಮಾರ್ಚ್, ಮಂಗಳವಾರ

ಮೊದಲ ಇಂಗ್ಲಿಷ್ ಮೀಟಿಂಗು. ಬಾಯಿ ತೆರೆದೆ. ವಾಕ್ಯದ ನಡುವೆ ಬಂದು ನಿಂತುಬಿಟ್ಟೆ... ಮುಂದಿನ ಪದ ಎಲ್ಲೋ ಹೋಗಿತ್ತು. ಎಲ್ಲರೂ ಕಾದರು. ಬಹಳ ದಯೆಯಿಂದ ಕಾದರು. ಆ ದಯೆ ನೋಡಲಾಗದೆ "ಚೆನ್ನಾಗಿದೆ" ಎಂದು ಮುಗಿಸಿದೆ. ನಕ್ಷೆ ಚೆನ್ನಾಗಿರಲಿಲ್ಲ.

ಓದಿದರೆ ತಿಳಿಯುತ್ತದೆ. ಮಾತಾಡಲು ಮಾತ್ರ ನಾಲಿಗೆ ಹೊರಳುವುದಿಲ್ಲ. ಶಾಲೆಯಲ್ಲಿ ಉಳಿದವರಿಗೆ ಇಂಗ್ಲಿಷ್ ಕಲಿಸುತ್ತಿದ್ದ ವರ್ಷಗಳಲ್ಲಿ ನಾನು ಅಪ್ಪನ ಹೊಲದ ಬೀಟ್‌ರೂಟ್ ಕೀಳುತ್ತಿದ್ದೆ.

ಮನೆಗೆ ಬಂದು ಹೆಂಡತಿ ಸಿಡ್ಸೆಲ್‌ಗೆ ಎಲ್ಲ ಹೇಳಿದೆ. ಅವಳು ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸಿ ಸುಸ್ತಾಗಿ ಬಂದವಳು, ಕಾಲು ಚಾಚಿ ಕೂತಿದ್ದಳು. "ಅಲ್ಲಿ ಬಾಯಿ ಮುಚ್ಕೊಂಡಿದ್ದು ಇಲ್ಲಿ ಬಂದು ಅಷ್ಟನ್ನೂ ನನ್ನ ತಲೆ ಮೇಲೆ ಸುರೀತಿದ್ದೀಯ. ಇಂಗ್ಲಿಷು ನಿಮ್ಮ ಆಫೀಸಿಗೆ ಬಂದಿರೋದು, ಶಿಕ್ಷೆ ನನಗೆ" ಎಂದಳು.

೮ ಏಪ್ರಿಲ್

ಕ್ಲಾಸಿಗೆ ಸೇರಿಸಿದ್ದಾರೆ. ಮೇಷ್ಟರಿಗೆ ನನ್ನ ಮಗನಷ್ಟು ವಯಸ್ಸು. ನಿಮ್ಮ ಹವ್ಯಾಸವೇನು ಎಂದು ಕೇಳಿದ. ಈಜು ಎಂದೆ. ನನಗೆ ಈಜು ಇಷ್ಟವಿಲ್ಲ, ಆ ಪದ ಗೊತ್ತಿತ್ತು ಅಷ್ಟೆ.

೧೬ ಮೇ, ಶುಕ್ರವಾರ

ಗ್ರಂಥಾಲಯದ ನಕ್ಷೆ ಗೋಡೆಗೆ ಹಾಕಿದ್ದರು. ಮುಖ್ಯ ಬಾಗಿಲು ಪಶ್ಚಿಮಕ್ಕೆ, ನೇರ ಕಡಲಿಗೆ. ನೋಡಲು ಚೆಂದ. ಚಳಿಗಾಲದಲ್ಲಿ ಆ ಗಾಳಿಗೆ ಎದುರಾಗಿ ಬಾಗಿಲು ಎಳೆಯಲು ಮುದುಕರಿಗೆ ಆಗುವುದಿಲ್ಲ. ಹೇಳಲು ಹೋದೆ. "ಗಾಳಿ" ಎಂದೆ. "ಬಾಗಿಲು" ಎಂದೆ. "ಭಾರ" ಎಂದೆ. ಥ್ಯಾಂಕ್ಸ್ ಟೋರ್ಕಿಲ್, ಒಳ್ಳೆಯ ಪಾಯಿಂಟ್ ಎಂದು ಆಸ್ಗರ್ ಮುಂದಿನ ವಿಷಯಕ್ಕೆ ಹೋದ. ಅವನಿಗೆ ತಿಳಿದಿರಲಿಲ್ಲ. ತಿಳಿದಿದ್ದರೆ ವಾದಕ್ಕೆ ಇಳಿಯುತ್ತಿದ್ದ. ಮೂವತ್ತು ವರ್ಷ ನಾವಿಬ್ಬರೂ ಜಗಳ ಆಡಿಯೇ ಕಟ್ಟಡ ಕಟ್ಟಿದವರು.

ಕೇಕು ತಿನ್ನುವ ಹೊತ್ತಿಗೆ ಇನೇಸ್ ಬಂದು ಪಕ್ಕದಲ್ಲಿ ಕೂತಳು. ಪೋರ್ಚುಗಲ್ಲಿನವಳು, ಗ್ರಂಥಾಲಯದ ಕೆಲಸ ನೋಡಿಕೊಳ್ಳುವವಳು. ಅವಳ ಇಂಗ್ಲಿಷು ನೀರು ಹರಿದ ಹಾಗೆ. ಆದರೆ ಡೇನಿಷಿನಲ್ಲಿ ಶುರುಮಾಡಿದಳು, ಎಡವುತ್ತಾ, ಮುಖ ಕೆಂಪಗೆ ಮಾಡಿಕೊಂಡು.

"ನೀವು ಬಾಗಿಲು... ಏನು ಹೇಳೋದು ಇತ್ತು? ನಿಧಾನ ಹೇಳಿ. ನಾನು ಇವತ್ತು ದಡ್ಡಿ ಆಗ್ತೀನಿ, ಪರವಾಗಿಲ್ಲ."

ಹೇಳಿದೆ. ಅವಳ ಹಣೆ ಗಂಟಿಕ್ಕಿತು. ಬೇಸರವಿರಬೇಕು, ಬಾಗಿಲು ಅಲ್ಲಿಟ್ಟವಳು ಅವಳೇ. ಕೇಕು ಅಲ್ಲೇ ಬಿಟ್ಟು ಎದ್ದುಹೋದಳು.

೧೯ ಮೇ, ಸೋಮವಾರ

ಬಾಗಿಲು ದಕ್ಷಿಣಕ್ಕೆ ತಿರುಗಿದೆ. ಮೀಟಿಂಗಿನಲ್ಲಿ ಇನೇಸ್ ಇದು ಟೋರ್ಕಿಲ್ ಹೇಳಿದ್ದು ಎಂದಳು. ಎಲ್ಲರೂ ನನ್ನ ಕಡೆ ತಿರುಗಿ ನೋಡಿದರು. ಇನ್ನೇನಾದರೂ ಹೇಳುತ್ತೇನೆ ಅಂದುಕೊಂಡರೇನೋ.

೧೨ ಜೂನ್, ಗುರುವಾರ

ಲಂಡನ್ನಿನಿಂದ ಒಬ್ಬ ಸಲಹೆಗಾರ ಬಂದಿದ್ದ. ಹೊರದೇಶದಲ್ಲಿ ಬೆಳೆಯಬೇಕಾದರೆ ಆಫೀಸಿನ ಹೆಸರು ಹೇಗಿರಬೇಕು ಎಂದು ಹೇಳುವವನು. ಪರದೆಯ ಮೇಲೆ "ಕ್ವಿಸ್ಟ್ ಮತ್ತು ಡಾಮ್" ಎಂದು ತೋರಿಸಿದ. ಡಾಮ್ ಎಂಬುದರ, ಅಂದರೆ ನನ್ನ ಹೆಸರಿನ, ಸುತ್ತ ಕೆಂಪು ಗೆರೆ. ಇಂಗ್ಲಿಷ್ ಕಿವಿಗೆ ಅದು ಬೈಗುಳದಂತೆ ಕೇಳುತ್ತದಂತೆ. ಕೆಲವರು ನಕ್ಕರು. ನನ್ನ ಮುಖ ನೋಡಿ ನಿಲ್ಲಿಸಿದರು. ಇನ್ನು ಮೇಲೆ ಬರೀ "ಕ್ವಿಸ್ಟ್" ಎಂದಿರಲಿ — ಚಿಕ್ಕದು, ಚೊಕ್ಕದು ಎಂದ.

ಡೇನಿಷಿನಲ್ಲಿ ಡಾಮ್ ಅಂದರೆ ಕೊಳ. ನಮ್ಮ ಹೊಲದ ತಗ್ಗಿನಲ್ಲೊಂದು ಇತ್ತು. ಬಾತುಗಳು ಬರುತ್ತಿದ್ದವು. ಇಂಗ್ಲಿಷಿನಲ್ಲಿ ಇಷ್ಟು ಹೇಳಲೂ ಆಗಲಿಲ್ಲ.

ಆಸ್ಗರ್ ಪೆನ್ಸಿಲ್ ನೋಡುತ್ತಾ ಕೂತಿದ್ದ. ಮಧ್ಯಾಹ್ನ ಅವನೇ ಸಮುದ್ರದ ಕಡೆ ಹೋಗೋಣ ಬಾ ಎಂದ. ಕಟ್ಟೆಯ ಮೇಲೆ ಕೂತೆವು, ಕಾಲು ನೀರಿನಲ್ಲಿ. ಮೊದಲು ಬಾಯಿ ಬಿಟ್ಟವನು ಅವನು.

"ತೆಗೀರಿ ಅಂತ ನಾನು ಹೇಳ್ಲಿಲ್ಲ ಕಣೋ."

"ಬೇಡ ಅಂತಲೂ ಹೇಳ್ಲಿಲ್ಲ."

"ಅಷ್ಟು ಜನಕ್ಕೆ ಕೆಲಸ ತರಬೇಕು ಟೋರ್ಕಿಲ್. ಬೆಳೀದೆ ಇದ್ರೆ ನಿಲ್ಲಲ್ಲ ಇದು, ಬಿದ್ದೋಗತ್ತೆ. ನಿನಗೆ ಇದು ಅರ್ಥ ಆಗಲ್ಲ ಅಂತಲ್ಲ. ಇಷ್ಟ ಆಗಲ್ಲ."

ಹೌದು ಎಂದೆ. ಅವನು ನೀರಿಗೆ ಧುಮುಕಿದ. ನಾನು ಅವನ ಬಟ್ಟೆ ಕಾಯುತ್ತಾ ಕೂತೆ.

೨೦ ಜುಲೈ. ಬೇಸಿಗೆ ಮನೆ

ತಿಂಗಳಿಂದ ಬರೆದಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ. ಬೇಲಿಗೆ ಬಣ್ಣ ಹೊಡೆದೆ. ಹೊಸ ಆಲೂಗಡ್ಡೆ, ಉಪ್ಪು ಹಾಕಿದ ಮೀನು. ಆಫೀಸು ಬಿಟ್ಟುಬಿಡುತ್ತೇನೆ ಎಂದು ಸಿಡ್ಸೆಲ್‌ಗೆ ಹೇಳಿದೆ. "ಬಿಡು. ಆದರೆ ಕೋಪ ಇಳಿದ ಮೇಲೆ ಬಿಡು. ಈಗ ಬಿಟ್ರೆ ಈ ಬೇಲಿಗೆ ವಾರಕ್ಕೊಂದು ಸಲ ಬಣ್ಣ ಬೀಳತ್ತೆ" ಎಂದಳು.

೧೩ ಅಕ್ಟೋಬರ್, ಸೋಮವಾರ

ಎಲ್ಲ ಬಹಳ ಬೇಗ ಆಗಿಹೋಯಿತು. ಬ್ಯಾಂಕುಗಳು ಸಾಲ ನಿಲ್ಲಿಸಿದವು, ಒಂದರ ಹಿಂದೆ ಒಂದು ಬಾಗಿಲು ಹಾಕಿದ ಹಾಗೆ. ವೀಬೋರ್ಗಿನ ವೃದ್ಧಾಶ್ರಮದ ಕೆಲಸ ನಿಂತಿತು. ಹೋರ್ಸೆನ್ಸಿನ ಮನೆಗಳದ್ದೂ ನಿಂತಿತು, ಅಡಿಪಾಯ ತೋಡಿದ ಮೇಲೆ. ಎರಡೂ ನನ್ನವು. ನನ್ನ ಕೈಕೆಳಗಿನವರಿಗೆ ಬೆಳಿಗ್ಗೆ ಬಂದು ಮಾಡಲು ಏನೂ ಇಲ್ಲ. ಹಳೆಯ ನಕ್ಷೆಗಳನ್ನು ಮತ್ತೆ ಅಚ್ಚುಕಟ್ಟು ಮಾಡುತ್ತಾ ಕೂತಿದ್ದಾರೆ.

ಕೆನಡಾ ಮಾತ್ರ ನಡೆಯುತ್ತಿದೆ. ಅದು ಸರ್ಕಾರದ ದುಡ್ಡು. ಆ ಹಾಳು ಇಂಗ್ಲಿಷು ಇಲ್ಲದಿದ್ದರೆ ಈ ತಿಂಗಳು ಯಾರಿಗೂ ಸಂಬಳವಿಲ್ಲ. ಆಸ್ಗರ್ ಅದನ್ನು ನನ್ನೆದುರು ಎತ್ತಿ ಆಡಲಿಲ್ಲ. ಆಡಬಹುದಿತ್ತು.

೨೯ ಅಕ್ಟೋಬರ್, ಬುಧವಾರ

ಯಾರನ್ನು ತೆಗೆಯಬೇಕು ಎಂದು ಬಾಗಿಲು ಹಾಕಿಕೊಂಡು ಕೂತೆವು. ಎಲ್ಲರೂ ನನ್ನ ಮೇಜಿನವರೇ. ಊರಿನ ಕೆಲಸ ಬಲ್ಲವರು, ಇಟ್ಟಿಗೆ ಬಲ್ಲವರು. ಮೊದಲ ನಾಲ್ವರನ್ನು ನಾನೇ ಕರೆದು ಹೇಳಿದೆ. ಇನ್ನಿಬ್ಬರಿಗೆ ನಾಡಿದ್ದು, ತಿಂಗಳ ಕೊನೆಗೆ, ಹೇಳಬೇಕು, ಉಲ್ರಿಕ್ ಮತ್ತು ಮಾರೆನ್. ಉಲ್ರಿಕ್‌ಗೆ ಅವಳಿ ಮಕ್ಕಳು, ಸಿಡ್ಸೆಲ್ಲೇ ಹೆರಿಗೆ ಮಾಡಿಸಿದ್ದು.

ಇವತ್ತು ಆಫೀಸಿನಲ್ಲಿ ಇಡೀ ದಿನ ಡೇನಿಷ್ ಕೇಳಿಸಿತು. ಈ ಮಾತು ಇಂಗ್ಲಿಷಿನಲ್ಲಿ ಹೇಳಲು ಯಾರಿಗೂ ಬಾಯಿ ಬರಲಿಲ್ಲ.

೩೦ ಅಕ್ಟೋಬರ್

ಬೆಳಿಗ್ಗೆ ಆಸ್ಗರ್‌ನ ಕೋಣೆಗೆ ಹೋದೆ. ಕೆನಡಾದಲ್ಲಿ ಎರಡು ವರ್ಷ ಕೆಲಸದ ಜಾಗದಲ್ಲಿ ನಿಂತು ನೋಡಿಕೊಳ್ಳಲು ಅಲ್ಲಿಯವನೊಬ್ಬನನ್ನು ಗೊತ್ತು ಮಾಡುವುದಿತ್ತು. ಅವನ ಸಂಬಳದಲ್ಲಿ ಇಲ್ಲಿ ಇಬ್ಬರು ಉಳಿಯುತ್ತಾರೆ.

"ಅವನು ಬೇಡ. ನಾನು ಹೋಗ್ತೀನಿ" ಎಂದೆ.

ನಗುತ್ತಿದ್ದೇನೆಯೇ ಎಂದು ನೋಡಿದ. "ನಿನಗೆ ಅಲ್ಲಿ ಕಾಫಿ ಕೇಳೋಕೂ ಬರಲ್ಲವಲ್ಲೋ."

"ಟೀ ಕುಡೀತೀನಿ."

"ಕಟ್ಟಡ ಕಟ್ಟೋರ ಜೊತೆ ದಿನಾ ಜಗಳ ಆಡ್ಬೇಕು. ಯಾವ ಭಾಷೇಲಿ ಆಡ್ತೀಯ?"

"ನಿನ್ನ ಜೊತೆ ಆಡೋಕೆ ಭಾಷೆ ಇತ್ತಲ್ಲ ಇಷ್ಟು ದಿನ, ಏನು ಪ್ರಯೋಜನ ಆಯ್ತು?"

ಅವನು ಕಿಟಕಿಯ ಕಡೆ ತಿರುಗಿಕೊಂಡ. ಮೂಗು ಒರೆಸಿದ. ಆಯಿತು ಎಂದ. ಹೆದರಿಕೆ ಆಗುತ್ತಿರುವುದು ಈಗ, ಬರೆಯುವಾಗ.

೯ ನವೆಂಬರ್, ಭಾನುವಾರ

ಹತ್ತು ದಿನ ಸಿಡ್ಸೆಲ್‌ಗೆ ಹೇಳಲಿಲ್ಲ. ಇವತ್ತು ಹೇಳಿದೆ. ಎಲೆಕೋಸು ಹೆಚ್ಚುತ್ತಿದ್ದವಳು ಚಾಕು ಕೆಳಗಿಟ್ಟಳು.

"ಆಸ್ಗರ್‌ಗೆ ಮೊದಲು ಹೇಳ್ದೆ."

"ಅಲ್ಲಿ ಅವಸರ ಇತ್ತು—"

"ನನ್ನನ್ನ ಕೇಳ್ಲಿಲ್ಲ ಟೋರ್ಕಿಲ್. ನಿನ್ನನ್ನ ಕೇಳ್ದೆ ನಿನ್ನ ಹೆಸರು ತೆಗೆದ್ರು ಅಂತ ಬೇಸಿಗೆಯೆಲ್ಲಾ ಕೊರಗಿದೆ. ನೀನು ಮಾಡಿದ್ದೇನು?"

ಉಲ್ರಿಕ್‌ನ ಮಕ್ಕಳ ಮಾತು ತೆಗೆಯಲು ಹೋದೆ, ಕೈ ಎತ್ತಿ ತಡೆದಳು. ಡ್ಯೂಟಿ ಇಲ್ಲದಿದ್ದರೂ ಕೋಟು ಹಾಕಿಕೊಂಡು ಹೊರಗೆ ಹೋದಳು.

೧೬ ನವೆಂಬರ್

ವಾರವಿಡೀ ಉಪ್ಪು ಕೊಡು, ಬೆಣ್ಣೆ ಕೊಡು, ಅಷ್ಟೆ. ತಪ್ಪಾಯಿತು ಎಂದು ಎರಡು ಸಲ ಹೇಳಿದೆ. ಎರಡನೆಯ ಸಲ ತಲೆಯಾಡಿಸಿದಳು.

ಇವತ್ತು ಸೈಕಲ್ಲಿನಲ್ಲಿ ಕಾಡಿನ ದಾರಿಯಲ್ಲಿ ಹೋಗುತ್ತಿದ್ದೆವು, ಅವಳು ಮುಂದೆ. ತಿರುಗಿ ನೋಡದೆಯೇ ಕೇಳಿದಳು. "ಆ ಊರಲ್ಲೂ ಹೆಂಗಸರು ಹೆರ್ತಾರೆ ತಾನೆ?"

ಹೆರುತ್ತಾರೆ ಅಂತ ಕಾಣುತ್ತದೆ ಎಂದೆ.

"ಮೇ ತಿಂಗಳಲ್ಲಿ ರಜೆ ಹಾಕಿ ಬಂದು ನೋಡ್ತೀನಿ. ಇಷ್ಟ ಆಗ್ಲಿಲ್ಲ ಅಂದ್ರೆ ವಾಪಸ್. ಆವಾಗ ನೀನು ಬೇಡ ಅನ್ನೋ ಹಾಗಿಲ್ಲ."

೧೨ ಡಿಸೆಂಬರ್, ಶುಕ್ರವಾರ

ಕ್ರಿಸ್‌ಮಸ್ ಊಟ. ಖಾಲಿ ಕುರ್ಚಿಗಳನ್ನು ಯಾರೋ ಮೊದಲೇ ಎತ್ತಿ ಒಳಗಿಟ್ಟಿದ್ದರು. ಉಲ್ರಿಕ್ ಬಂದು ಪಕ್ಕದಲ್ಲಿ ಕೂತ, ನನ್ನ ತಟ್ಟೆಗೆ ಹಂದಿಮಾಂಸ ಬಡಿಸಿದ. ತನ್ನ ಕೆಲಸ ಹೇಗೆ ಉಳಿಯಿತೆಂದು ಅವನಿಗೆ ಗೊತ್ತಾಗಿದೆ. ಇನೇಸ್ ಗ್ಲಾಸು ಎತ್ತಿ ಡೇನಿಷಿನಲ್ಲಿ ನನಗೆ ಶುಭ ಕೋರಿದಳು. ಒಂದು ಪದ ತಪ್ಪಿ ನನ್ನನ್ನು ಹಳೇ ಬಾಗಿಲು ಎಂದು ಕರೆದಳು. ಯಾರೂ ತಿದ್ದಲಿಲ್ಲ.

ಕೋಟು ಹಾಕಿಕೊಳ್ಳುವಾಗ ಆಸ್ಗರ್ ಬಂದ. ಹೆಸರು ಹಾಗೇ ಇರುತ್ತದೆ ಎಂದ. "ಹೊಸ ಬೋರ್ಡು ಬರೆಸೋಕೆ ದುಡ್ಡಿಲ್ಲ" ಎಂದು ಸೇರಿಸಿದ. ಅದಷ್ಟೇ ಕಾರಣವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಬಿಚ್ಚಿ ಹೇಳಿಸುವುದು ಬೇಡ ಅನಿಸಿತು.

೧೫ ಜನವರಿ ೨೦೦೯. ಕೆನಡಾ

ಹಿಮ. ಇಲ್ಲಿಯದು ಬೇರೆ ತರಹ, ಒಣಗಿದ್ದು, ಮರಳಿನಂತೆ ಹಾರುತ್ತದೆ. ಬಾಡಿಗೆ ಮನೆಯಾಕೆ ಹೆಸರು ಕೇಳಿದಳು. ಡಾಮ್ ಎಂದೆ, ಬೈಗುಳ ಬೈದವನಂತೆ ತಲೆ ತಗ್ಗಿಸಿ. ಅವಳು ಎಷ್ಟು ಎಮ್ ಎಂದು ಕೇಳಿ ಬರೆದುಕೊಂಡಳು.

ಮೇಸ್ತ್ರಿ ಹೇಳುವುದು ಅರ್ಧ ತಿಳಿಯುತ್ತದೆ. ಉಳಿದದ್ದನ್ನು ಇನ್ನೊಮ್ಮೆ ಕೇಳುತ್ತೇನೆ. ಓರ್ಹುಸಿನಲ್ಲಿ ನಾಚಿಕೆಯಾಗುತ್ತಿತ್ತು. ಇಲ್ಲಿ ನಾಚಿಕೊಂಡು ಕೂತರೆ ಕಾಂಕ್ರೀಟು ತಪ್ಪು ಜಾಗಕ್ಕೆ ಬೀಳುತ್ತದೆ.

೨೦ ಜನವರಿ, ಮಂಗಳವಾರ. ಬೆಳಿಗ್ಗೆ

ನಿನ್ನೆ ಊರಿನವರ ಸಭೆ, ಚರ್ಚಿನ ಪಕ್ಕದ ಹಾಲಿನಲ್ಲಿ. ನಮ್ಮ ಆಫೀಸಿನಿಂದ ನಾನೊಬ್ಬನೇ. ನನಗೆ ಇಂಗ್ಲಿಷು ಸ್ವಲ್ಪವೇ ಬರುತ್ತದೆ, ತಿಳಿಯದಿದ್ದರೆ ಮತ್ತೆ ಕೇಳುತ್ತೇನೆ ಎಂದು ಮೊದಲೇ ಹೇಳಿಬಿಟ್ಟೆ. ಕುರ್ಚಿಗಳನ್ನು ಹತ್ತಿರ ಎಳೆದುಕೊಂಡರು.

ಕೊನೆಯಲ್ಲಿ ಒಬ್ಬ ಮುದುಕ ಎದ್ದ. ದೋಣಿಯಲ್ಲಿ ಬದುಕು ಕಳೆದವನ ಕೈಗಳು. ಟೊಪ್ಪಿ ತೆಗೆದು ಹಿಡಿದುಕೊಂಡು ಬಹಳ ನಿಧಾನವಾಗಿ ಕೇಳಿದ. ತನಗೆ ಓದಲು ಬರುವುದಿಲ್ಲ. ಹೆಂಡತಿ ಹೋದ ಮೇಲೆ ಮನೆಯಲ್ಲಿ ಕೂರಲೂ ಆಗುವುದಿಲ್ಲ. ಏನೂ ಓದದೆ, ಏನೂ ಕೊಳ್ಳದೆ, ಸುಮ್ಮನೆ ಕೂರಬೇಕೆಂದರೆ ನಿಮ್ಮ ಗ್ರಂಥಾಲಯದಲ್ಲಿ ಜಾಗವಿದೆಯೇ, ದೋಣಿಗಳು ಕಾಣುವ ಹಾಗೆ?

ಒಂದು ಪದವೂ ತಪ್ಪದೆ ತಿಳಿಯಿತು. ಇದೆ ಎಂದೆ.

ಇಲ್ಲ. ನಕ್ಷೆಯಲ್ಲಿ ಎಲ್ಲಿಯೂ ಇಲ್ಲ. ಕಿಟಕಿಗಳ ಪಕ್ಕಕ್ಕೆಲ್ಲ ಓದುವ ಮೇಜು, ಕಂಪ್ಯೂಟರು. ಆಸ್ಗರ್ ಒಪ್ಪುವುದಿಲ್ಲ. ಇನೇಸ್ ಒಪ್ಪುತ್ತಾಳೆ, ಹಣೆ ಗಂಟಿಕ್ಕಿಕೊಂಡು. ಪಶ್ಚಿಮದ ಗೋಡೆಯಲ್ಲಿ ಒಂದು ಆಳವಾದ ಕಿಟಕಿ ತೆಗೆದರೆ ಅದರೊಳಗೇ ಕೂರಬಹುದು. ಉದ್ದ ಇಬ್ಬರಿಗೆ ಸಾಕಾಗುವಷ್ಟು, ಮೂವರು ಬೇಡ. ಬೆನ್ನಿಗೆ ಮರ. ಕೆಳಗೆ ಹೀಟರು. ಎತ್ತರ ಸ್ವಲ್ಪ ಜಾಸ್ತಿ ಇರಲಿ, ಮೊಣಕಾಲು ನೋಯುವವರು ಏಳುವಾಗ ಹಿಡಿದುಕೊಳ್ಳಲು ಪಕ್ಕದಲ್ಲಿ ಒಂದು ಹಿಡಿ. ಉಳಿದದ್ದು ನಕ್ಷೆಯಲ್ಲಿ.