ಸೊಸೆಯ ಬದಲು ನನ್ನನ್ನು ಕೆಲಸದಿಂದ ತೆಗೆದ ಅಧಿಕಾರಿಗಳಿಗೆ

ಮಾನ್ಯ ಮಾನವ ಸಂಪನ್ಮೂಲ ಮುಖ್ಯಸ್ಥರೇ,

ಕಳೆದ ಮಂಗಳವಾರ ತಾವು ತಮ್ಮ ಸಾಫ್ಟ್‌ವೇರ್ ಕಂಪನಿಯಿಂದ ನನ್ನನ್ನು ವಜಾ ಮಾಡಿದಿರಿ. ನಾನು ಅಲ್ಲಿ ಕೆಲಸಕ್ಕೇ ಸೇರಿರಲಿಲ್ಲ. ನಾನು ಶನಿವಾರಸಂತೆಯ ನಿವೃತ್ತ ಕನ್ನಡ ಶಿಕ್ಷಕಿ. ನಿಮ್ಮ ಉದ್ಯೋಗಿ ನನ್ನ ಸೊಸೆ ಸೌಮ್ಯ. ಮನೆಯಿಂದಲೇ ಕೆಲಸ ಮಾಡುವವಳು.

ಅಂದು ಅವಳು ಲ್ಯಾಪ್‌ಟಾಪ್ ತೆರೆದು ತಮ್ಮ ವಿಡಿಯೊ ಕರೆಗಾಗಿ ಕಾಯುತ್ತಿದ್ದಾಗ ನಮ್ಮ ಹಸು ಹಗ್ಗ ಕಿತ್ತುಕೊಂಡು ಪಕ್ಕದ ಕಲ್ಲೇಶಪ್ಪನವರ ಬೀನ್ಸ್ ಸಾಲಿಗೆ ನುಗ್ಗಿತು. "ಅತ್ತೆ, ಒಂದ್ನಿಮಿಷ ಇಲ್ಲಿ ಕೂತ್ಕಳಿ" ಎಂದು ಅವಳು ಓಡಿದಳು. ನಾನು ಕೂತೆ. ತಾವು ಪರದೆಯ ಮೇಲೆ ಬಂದಿರಿ. ತಲೆ ಎತ್ತದೆ ಕೈಯಲ್ಲಿದ್ದ ಕಾಗದ ಓದತೊಡಗಿದಿರಿ.

"ಸೌಮ್ಯ, ಇದು ನನಗೂ ಕಷ್ಟದ ಮಾತು."

"ಪರವಾಗಿಲ್ಲ, ನಿಧಾನಕ್ಕೆ ಹೇಳಿ" ಎಂದೆ.

"ಪುನಾರಚನೆಯ ಕಾರಣ ನಿಮ್ಮ ಹುದ್ದೆ ಇನ್ನು ಮುಂದೆ ಇರುವುದಿಲ್ಲ."

"ಯಾವ ಹುದ್ದೆ? ಅತ್ತೆ ಹುದ್ದೆನಾ?"

"ನಿಮ್ಮ ಭಾವನೆ ನನಗೆ ಅರ್ಥವಾಗುತ್ತದೆ. ಮುಂದಿನ ಪಯಣಕ್ಕೆ ಶುಭವಾಗಲಿ."

ಸ್ವಾಮಿ, ಅರವತ್ತೆಂಟು ದಾಟಿದವಳಿಗೆ ಮುಂದಿನ ಪಯಣ ಯಾವುದೆಂದು ತಮಗೆ ತಿಳಿಯದೇ? ಒಂದು ಸಲ ಕಣ್ಣೆತ್ತಿದ್ದರೆ ನನ್ನ ನರೆಗೂದಲು ಕಾಣುತ್ತಿರಲಿಲ್ಲವೇ? ಅಥವಾ ಕಂಪನಿಯ ಒತ್ತಡಕ್ಕೆ ಹುಡುಗಿ ಒಂದೇ ವಾರದಲ್ಲಿ ಹೀಗಾದಳೆಂದು ಭಾವಿಸಿದಿರೋ?

ಸೌಮ್ಯ ಕೆಸರುಗಾಲಲ್ಲೇ ಒಳಬಂದಳು. "ಯಾರತ್ತೆ ಅದು?"

"ಯಾರೋ ಸಾಹೇಬ್ರು. ನನ್ನ ಕೆಲಸದಿಂದ ತೆಗುದ್ರು ಕಣೆ" ಎಂದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಷ್ಟರಲ್ಲಿ ಲ್ಯಾಪ್‌ಟಾಪ್ ತಾನಾಗಿಯೇ ಲಾಕ್ ಆಯಿತು. ನಗು ನಿಂತಿತು.

ನಡೆದದ್ದನ್ನು ಅವಳು ತಮ್ಮ ಕಚೇರಿಗೆ ಬರೆದು ತಿಳಿಸಿದಳು. "ಉದ್ಯೋಗಿಯೊಂದಿಗೆ ಮಾತುಕತೆ ಸೌಹಾರ್ದಯುತವಾಗಿ ಮುಗಿದಿದೆ" ಎಂಬ ಉತ್ತರ ಬಂತು. ಸೌಹಾರ್ದ ನನ್ನದು, ಸ್ವಾಮಿ. ಅದನ್ನು ಅವಳ ಲೆಕ್ಕಕ್ಕೆ ಹಾಕಬೇಡಿ.

ನಿನ್ನೆ ಬಟ್ಟೆ ಮಡಚುತ್ತಾ ಸೌಮ್ಯ ಅಂದಳು: "ನೀವು ಕೂತಿದ್ದೇ ಒಳ್ಳೇದಾಯ್ತು ಅತ್ತೆ. ನಾನಾಗಿದ್ರೆ ಅವರ ಮುಂದೆ ಅತ್ತುಬಿಡ್ತಿದ್ದೆ." ತಾವು ಅದನ್ನು ನೋಡುತ್ತಲೂ ಇರಲಿಲ್ಲ ಎಂದು ನಾನು ಅವಳಿಗೆ ಹೇಳಲಿಲ್ಲ.

ಆದ್ದರಿಂದ ನನ್ನ ಆಗ್ರಹವಿಷ್ಟೇ. ನನ್ನ ವಜಾ ಊರ್ಜಿತವಾಗಿರಲಿ, ತಕರಾರಿಲ್ಲ. ಸೌಮ್ಯಳನ್ನು ತಾವಿನ್ನೂ ತೆಗೆದಿಲ್ಲ. ಅವಳ ಲ್ಯಾಪ್‌ಟಾಪ್ ತೆರೆದುಕೊಡಿ. ತೆಗೆಯಲೇಬೇಕೆಂದಿದ್ದರೆ ಮತ್ತೆ ಕರೆ ಮಾಡಿ, ಕೈಯಲ್ಲಿ ಕಾಗದವಿಲ್ಲದೆ, ಅವಳ ಮುಖ ನೋಡಿಕೊಂಡು ಕಾರಣ ಹೇಳಿ. ಹೇಳಲು ಬಾಯಿ ಬಾರದಿದ್ದರೆ ಆ ಕಾರಣ ಸರಿಯಿಲ್ಲವೆಂದೇ ತಿಳಿಯಿರಿ.

ಇಂತಿ,
ಸಂದರ್ಶನವಿಲ್ಲದೆ ಸೇರಿ, ಕಾಫಿ ಆರುವ ಮೊದಲೇ ಹೊರಬಿದ್ದ
ವಿಶಾಲಾಕ್ಷಮ್ಮ